ಕಾಲಯಾನದ ಕಥೆಯೂ ನೋಡುಗರ ಊಹೆಯೂ



ಇಂದಿನ ವಿಷಯ ಹಗುರವಾದದ್ದೆಂದು ನಿಮಗೆ ಮೊದಲಿಗೆ ತೋರಬಹುದು. ಒಂದು ರಹಸ್ಯ ಧಾರಾವಾಹಿ ನೋಡುತ್ತೀರಿ. ಕಂತು ಬಿಡಿಸಲಾಗದ ಒಂದು ಗಂಟಿನಲ್ಲಿ ನಿಂತುಬಿಡುತ್ತದೆ. ಮರುದಿನ ರೋಣದ ಬಸ್ ನಿಲ್ದಾಣದಲ್ಲಿ, ನರಗುಂದದ ಕಾಲೇಜಿನ ಅಂಗಳದಲ್ಲಿ, ಗಜೇಂದ್ರಗಡದ ಚಹಾದಂಗಡಿಯ ಮುಂದೆ ಅದೇ ಮಾತು. "ಅಂವಾ ಸತ್ತಿಲ್ಲ ಬಿಡೋ," ಎನ್ನುತ್ತಾನೆ ಒಬ್ಬ. "ಆ ಮುದುಕನ ಈ ಹುಡುಗ, ನೋಡ್ತಿರು," ಎನ್ನುತ್ತಾನೆ ಮತ್ತೊಬ್ಬ. ಹಿರಿಯರು ಇದನ್ನು ಕೇಳಿ, ಓದುವುದು ಬಿಟ್ಟು ಹರಟೆ ಹೊಡೆಯುತ್ತಾರೆ ಎಂದು ಗದರಿಸುವುದುಂಟು. ನಾನು ಗದರಿಸಲು ಬಂದಿಲ್ಲ. ಸರಿಯಾಗಿ ಮಾಡಿದರೆ ಈ ಹರಟೆಯೇ ತರ್ಕದ ಒಳ್ಳೆಯ ಪಾಠವಾಗಬಲ್ಲದು. ತಪ್ಪಾಗಿ ಮಾಡಿದರೆ ಅಪಾಯಕ್ಕೂ ದಾರಿಯಾಗಬಲ್ಲದು. ಎರಡನ್ನೂ ಇಂದು ನೋಡೋಣ.

ಈ ಅಭ್ಯಾಸ ಹೊಸದಲ್ಲ. 1989ರಲ್ಲಿ ದೂರದರ್ಶನದಲ್ಲಿ 'ಇಂದ್ರಧನುಷ್' ಎಂಬ ಹಿಂದಿ ಧಾರಾವಾಹಿ ಬಂದಿತ್ತು. ಮಕ್ಕಳು ಕಾಲದಲ್ಲಿ ಪಯಣಿಸುವ ಆ ಕಥೆಯಲ್ಲಿ ನಮ್ಮ ಗಿರೀಶ ಕಾರ್ನಾಡರೂ ಅಭಿನಯಿಸಿದ್ದರು. ಅದೇ ಸುಮಾರಿಗೆ ಸದಾನಂದ ಸುವರ್ಣರ 'ಗುಡ್ಡದ ಭೂತ' ಕನ್ನಡದ ಮನೆಮನೆಯಲ್ಲೂ ಕುತೂಹಲ ಹುಟ್ಟಿಸಿತು. ಕಂತಿನಿಂದ ಕಂತಿಗೆ ಕಾಯಬೇಕಾಗಿದ್ದ ಕಾಲವದು. ಆ ಬಿಡುವೇ ಊಹೆಗೆ ಜಾಗ. ನಿಮ್ಮ ತಂದೆತಾಯಿಯರನ್ನು ಕೇಳಿ ನೋಡಿ, ಅವರೂ ಆಗ ಊಹಿಸಿದ್ದಾರೆ.

ಇತ್ತೀಚಿನ ಉದಾಹರಣೆ ಜರ್ಮನಿಯ 'ಡಾರ್ಕ್'. ಇದು 2017ರಿಂದ 2020ರವರೆಗೆ ಮೂರು ಭಾಗಗಳಲ್ಲಿ ಬಂತು. ದೊಡ್ಡವರಿಗಾಗಿ ಮಾಡಿದ ಧಾರಾವಾಹಿ ಇದು. ನಮಗೆ ಇಲ್ಲಿ ಬೇಕಾದದ್ದು ಅದರ ಲೆಕ್ಕಾಚಾರ ಮಾತ್ರ. ವಿಂಡೆನ್ ಎಂಬ ಕಲ್ಪಿತ ಊರಿನಲ್ಲಿ 2019ರ ನವೆಂಬರ್ 4ರ ರಾತ್ರಿ ಗುಹೆಯೊಂದರ ಬಳಿ ಮಿಕೆಲ್ ಎಂಬ ಹುಡುಗ ಕಾಣೆಯಾಗುತ್ತಾನೆ. ಅದಕ್ಕೆ ಕೆಲವು ತಿಂಗಳ ಮೊದಲು ಯೋನಾಸ್ ಎಂಬ ತರುಣನ ತಂದೆ ತೀರಿಕೊಂಡಿರುತ್ತಾನೆ. ಆತ ಬಿಟ್ಟುಹೋದ ಲಕೋಟೆಯ ಮೇಲೆ, ನವೆಂಬರ್ 4ರ ರಾತ್ರಿ 10 ಗಂಟೆ 13 ನಿಮಿಷಕ್ಕಿಂತ ಮೊದಲು ತೆರೆಯಬಾರದು ಎಂದು ಬರೆದಿರುತ್ತದೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಜೂನ್‌ನಲ್ಲಿ ತೀರಿಹೋದವನಿಗೆ ನವೆಂಬರಿನ ಒಂದು ರಾತ್ರಿಯ ನಿಮಿಷ ಹೇಗೆ ಗೊತ್ತು? ಅದೇ ರಾತ್ರಿ ಹುಡುಗನೊಬ್ಬ ಕಾಣೆಯಾದದ್ದೇಕೆ? ಆ ತಂದೆ ಆ ರಾತ್ರಿಯನ್ನು ಹಿಂದೆಯೇ ಕಂಡವನು ಎಂಬುದು ಒಂದು ಊಹೆ. ಯಾರೋ ಅವನಿಗೆ ಮೊದಲೇ ತಿಳಿಸಿದ್ದರು ಎಂಬುದು ಇನ್ನೊಂದು. ಲಕೋಟೆಯೊಂದರಿಂದಲೇ ಇವೆರಡರಲ್ಲಿ ಯಾವುದು ನಿಜವೆಂದು ಹೇಳಲಾಗದು, ಎರಡನೆಯ ಸಾಕ್ಷ್ಯ ಬೇಕು. ಮುಂದಿನ ಕಂತುಗಳಲ್ಲಿ ಅದು ಸಿಗುತ್ತದೆ. ಕಾಣೆಯಾದ ಹುಡುಗ 1986ಕ್ಕೆ ಹೋಗಿ ಬಿದ್ದು, ಅಲ್ಲಿಯೇ ಬೆಳೆದು, ಮದುವೆಯಾಗಿ, ಯೋನಾಸನ ತಂದೆಯಾಗಿರುತ್ತಾನೆ. ಮೊದಲನೆಯ ಊಹೆ ಗೆಲ್ಲುತ್ತದೆ. ಗೆದ್ದದ್ದು ಅದು ಚೆಂದವಾಗಿತ್ತೆಂದಲ್ಲ, ಹೊಸ ಸಾಕ್ಷ್ಯಕ್ಕೆ ಹೊಂದಿತೆಂದು.

ಈ ಕಥೆಯಲ್ಲಿ 1953, 1986, 2019 ಎಂಬ ಮೂರು ವರ್ಷಗಳು ಮುಖ್ಯ. ಪ್ರತಿ ಎರಡರ ನಡುವೆ 33 ವರ್ಷಗಳ ಅಂತರ. 33 ಏಕೆ? ಕೆಲವರಿಗೆ ಇದು ಯಾವುದೋ ಗೂಢ ಸಂಖ್ಯೆಯಂತೆ ತೋರಿತು. ಆದರೆ ನಮ್ಮ ಹಳ್ಳಿಯ ಹಬ್ಬವೊಂದು ಇದಕ್ಕೆ ಉತ್ತರ ಕೊಡುತ್ತದೆ. ಮೊಹರಂ ನೋಡಿ. ನಮ್ಮ ಸೀಮೆಯ ಊರುಗಳಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಅಲಾವಿಯ ಸುತ್ತ ಹೆಜ್ಜೆ ಹಾಕುವ ಹಬ್ಬ ಅದು. ಒಂದು ವರ್ಷ ಮಳೆಗಾಲದಲ್ಲಿ ಬಂದರೆ, ಹಲವು ವರ್ಷಗಳ ಮೇಲೆ ಬೇಸಿಗೆಯಲ್ಲಿ ಬರುತ್ತದೆ, ಮತ್ತೂ ಕೆಲವು ವರ್ಷಗಳಿಗೆ ಚಳಿಯಲ್ಲಿ. ಕಾರಣ ಸರಳ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರ ವರ್ಷಕ್ಕೆ ಸುಮಾರು 365. ವರ್ಷಕ್ಕೆ ಸುಮಾರು 11 ದಿನ ಹಬ್ಬ ಹಿಂದೆ ಸರಿಯುತ್ತದೆ. 33 ಸೌರ ವರ್ಷಗಳಲ್ಲಿ 34 ಚಾಂದ್ರ ವರ್ಷಗಳು ಹೆಚ್ಚುಕಡಿಮೆ ಪೂರ್ತಿಯಾಗಿ, ಹಬ್ಬ ಮತ್ತೆ ಹಳೆಯ ಋತುವಿಗೇ ಮರಳುತ್ತದೆ. 1953, 1986, 2019 ಈ ಮೂರೂ ವರ್ಷಗಳಲ್ಲಿ ಮೊಹರಂ ಹತ್ತನೆಯ ದಿನ ಸೆಪ್ಟೆಂಬರ್ ತಿಂಗಳಲ್ಲೇ ಬಂದಿತ್ತು. ಯುಗಾದಿ ಹೀಗೆ ಓಡಾಡುವುದಿಲ್ಲ, ಏಕೆಂದರೆ ನಮ್ಮ ಪಂಚಾಂಗ ಅಧಿಕಮಾಸ ಸೇರಿಸಿ ಸರಿದೂಗಿಸುತ್ತದೆ. ಧಾರಾವಾಹಿಯವರು ಸೂರ್ಯ ಚಂದ್ರರ ಈ ಹೊಂದಾಣಿಕೆಯನ್ನೇ ಕಥೆಗೆ ಬಳಸಿಕೊಂಡರು. ಗೂಢವೆಂದು ಕಂಡದ್ದು ಲೆಕ್ಕಕ್ಕೆ ಸಿಕ್ಕಿತು.

ಈಗ ಕಾಲಯಾನದ ದೊಡ್ಡ ಸಮಸ್ಯೆಗೆ ಬರೋಣ. ಇದಕ್ಕೆ ಜರ್ಮನಿಯವರೆಗೆ ಹೋಗಬೇಕಾಗಿಲ್ಲ, ನರಗುಂದದ ಗುಡ್ಡದ ಕೆಳಗೆ ನಿಂತರೆ ಸಾಕು. 1858ರಲ್ಲಿ ಇಲ್ಲಿ ಏನು ನಡೆಯಿತೆಂಬುದನ್ನು ನೀವು ಓದಿದ್ದೀರಿ. ದತ್ತು ಪಡೆಯಲು ಬ್ರಿಟಿಷರು ಒಪ್ಪದಿದ್ದದ್ದು, ಜನರ ಆಯುಧಗಳನ್ನು ಕಸಿಯಲು ಹೊರಟದ್ದು ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರನ್ನು ಕೆರಳಿಸಿದವು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೈನ್ಯ ನರಗುಂದವನ್ನು ಹಿಡಿಯಿತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ನಿಮಗೊಂದು ಕಾಲಯಂತ್ರ ಸಿಕ್ಕಿತೆನ್ನಿ. ಮೇ ತಿಂಗಳಿಗೆ ಹೋಗಿ, ಬರಲಿರುವ ಸೈನ್ಯದ ಸುದ್ದಿಯನ್ನೆಲ್ಲ ಬಾಬಾಸಾಹೇಬರಿಗೆ ಮೊದಲೇ ಹೇಳುತ್ತೀರಿ. ಕೋಟೆ ಉಳಿಯುತ್ತದೆ, ಗಲ್ಲು ತಪ್ಪುತ್ತದೆ. ಆಗ ನಿಮ್ಮ ಪಾಠಪುಸ್ತಕದಲ್ಲಿ ಆ ದುರಂತದ ಕಥೆಯೇ ಇರುವುದಿಲ್ಲ. ದುರಂತವೇ ಇಲ್ಲದಿದ್ದರೆ ನೀವು ಹಿಂದಕ್ಕೆ ಹೋದದ್ದೇಕೆ? ಹೋಗದಿದ್ದರೆ ಸುದ್ದಿ ಹೇಳಿದವರು ಯಾರು? ಹೇಳದಿದ್ದರೆ ಗಲ್ಲು ತಪ್ಪಿದ್ದು ಹೇಗೆ? ಯೋನಾಸನ ಸಂಕಟವೂ ಇದೇ. ಕಳೆದುಹೋದ ಹುಡುಗನನ್ನು ಮರಳಿ ತಂದರೆ ತಾನೇ ಹುಟ್ಟುವುದಿಲ್ಲ.

ಇದಕ್ಕೆ ಕಥೆಗಾರರು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಒಂದು, ಹಿಂದಕ್ಕೆ ಹೋದವನೂ ನಡೆದದ್ದನ್ನು ಬದಲಿಸಲಾರ. ಅವನು ಅಲ್ಲಿ ಮಾಡಿದ್ದೂ ಇತಿಹಾಸದಲ್ಲಿ ಮೊದಲೇ ಸೇರಿರುತ್ತದೆ. ರಷ್ಯದ ವಿಜ್ಞಾನಿ ಇಗೋರ್ ನೋವಿಕೋವ್ ಭೌತಶಾಸ್ತ್ರದಲ್ಲಿ ಮಂಡಿಸಿದ ತತ್ವವೂ ಇಂಥದೇ. ಎರಡು, ಬದಲಿಸಿದೊಡನೆ ಬೇರೊಂದು ಲೋಕ ಕವಲೊಡೆಯುತ್ತದೆ. ಮೂರು, ಹಿಂದಕ್ಕೆ ಹೋಗಲು ಪ್ರಕೃತಿಯೇ ಬಿಡುವುದಿಲ್ಲ. 1992ರಲ್ಲಿ ಸ್ಟೀಫನ್ ಹಾಕಿಂಗ್ ಹೀಗೊಂದು ತರ್ಕ ಮುಂದಿಟ್ಟರು. 2009ರಲ್ಲಿ ಅವರು ಕಾಲಯಾನಿಗಳಿಗೆಂದು ಔತಣ ಏರ್ಪಡಿಸಿ, ಔತಣ ಮುಗಿದ ಮೇಲೆ ಆಮಂತ್ರಣ ಪ್ರಕಟಿಸಿದರು. ಯಾರೂ ಬಂದಿರಲಿಲ್ಲ. ನೀವು ಧಾರಾವಾಹಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಕಥೆ ಮೂರರಲ್ಲಿ ಯಾವ ನಿಯಮದಲ್ಲಿ ನಡೆಯುತ್ತಿದೆ? ನಿಯಮ ತಿಳಿಯದೆ ಕಟ್ಟಿದ ಊಹೆ, ಚೆಂಡಾಟದ ನಿಯಮ ತಿಳಿಯದೆ ಗೆಲುವು ಹೇಳಿದಂತೆ. 'ಡಾರ್ಕ್'ನ ಕೊನೆಯ ಭಾಗದಲ್ಲಿ ಎರಡು ಲೋಕಗಳ ಹಿಂದೆ ಮೂರನೆಯದೊಂದು ಮೂಲಲೋಕ ಇತ್ತೆಂದು ತಿಳಿಯುತ್ತದೆ. ಎರಡೇ ಲೋಕಗಳೆಂದು ಎಣಿಸಿ ಕೂತವರ ಲೆಕ್ಕ ಅಲ್ಲಿ ತಪ್ಪಿತು. ಆದರೆ ಅದರ ಸುಳಿವಾದ ಗಡಿಯಾರದವನು ಮೊದಲ ಭಾಗದಿಂದಲೂ ಕಣ್ಣೆದುರಿಗೇ ಇದ್ದ.

ಹಿಂದಕ್ಕೆ ಹೋಗುವುದು ಹೀಗೆ ಕಗ್ಗಂಟು. ಮುಂದಕ್ಕೆ ಹೋಗುವುದು ಮಾತ್ರ ಸ್ವಲ್ಪಮಟ್ಟಿಗೆ ನಿಜ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆ, ಗುರುತ್ವ ಹೆಚ್ಚಿದ್ದಲ್ಲಿಯೂ ನಿಧಾನವಾಗುತ್ತದೆ ಎಂದು ಐನ್‌ಸ್ಟೈನ್ ತೋರಿಸಿಕೊಟ್ಟರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ಇದನ್ನು ಅಳೆದರು. ನಿಮ್ಮ ಮೊಬೈಲಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ದಾರಿ ತಪ್ಪುತ್ತದೆ. ಈ ಕ್ಷೇತ್ರದಲ್ಲಿ ನಮ್ಮ ಕನ್ನಡಿಗರೊಬ್ಬರ ಹೆಸರೂ ಇದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ, ಕಪ್ಪುರಂಧ್ರವನ್ನು ಕದಲಿಸಿದರೆ ಅದು ಬಡಿದ ಗಂಟೆಯಂತೆ ಮಿಡಿದು ಅಡಗುತ್ತದೆ ಎಂದು ಲೆಕ್ಕದಿಂದ ತೋರಿಸಿದರು. 2015ರಲ್ಲಿ ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುರಂಧ್ರಗಳು ಕೂಡಿದ ಅಲೆಯನ್ನು ಹಿಡಿದಾಗ ಅಂಥ ಮಿಡಿತದ ಗುರುತು ಅದರಲ್ಲಿತ್ತು. 45 ವರ್ಷ ಕಾದ ಊಹೆ ಅದು.

ಭಾಗವತದಲ್ಲಿ ಕಕುದ್ಮಿ ರಾಜನ ಕಥೆ ಇದೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ ಸ್ವಲ್ಪ ಹೊತ್ತು ಕಾದದ್ದರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದವು. ಎಂಥ ಕಲ್ಪನೆ! ಇದನ್ನು ಹೆಮ್ಮೆಯಿಂದ ಓದಿರಿ. ಆದರೆ ಐನ್‌ಸ್ಟೈನರ ಸೂತ್ರ ಆಗಲೇ ಗೊತ್ತಿತ್ತೆಂದು ಹೇಳಬೇಡಿ. ಸೂತ್ರವೆಂದರೆ ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸ ಎಂಬ ಲೆಕ್ಕ. ಕಥೆಗೆ ಆ ಲೆಕ್ಕ ಬೇಕಾಗಿಲ್ಲ, ವಿಜ್ಞಾನಕ್ಕೆ ಬೇಕು.

ಊಹೆಯನ್ನು ಪರೀಕ್ಷೆಗೆ ಒಡ್ಡುವ ಕೆಲಸ ನಮ್ಮ ನೆಲದಲ್ಲಿಯೇ ನಡೆದಿದೆ. ಗಜೇಂದ್ರಗಡದ ಹತ್ತಿರದ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ ನೀವು ಕಂಡಿರಬಹುದು. ಅದೇ ಸೂಡಿಯ ತಾಮ್ರಪಟವೊಂದರಲ್ಲಿ ಶಕ 860, ಎಂದರೆ ಕ್ರಿ.ಶ. 938 ಎಂಬ ಕಾಲವಿದೆ. ಗಂಗ ಅರಸ ಬೂತುಗನು ತನ್ನ ರಾಣಿ ದೀವಳಾಂಬೆ ಕಟ್ಟಿಸಿದ ಬಸದಿಗೆ ದತ್ತಿ ಕೊಟ್ಟನೆಂದು ಅದು ಹೇಳುತ್ತದೆ. 1890ರ ದಶಕದಲ್ಲಿ ಅದನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್, ಇದು ಕೂಟಶಾಸನ, ನಂಬುವಂತಿಲ್ಲ ಎಂದರು. ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟರಿಗೂ ಬಿ.ಎಲ್. ರೈಸರಿಗೂ ದೀರ್ಘಕಾಲ ವಾದ ನಡೆಯಿತು. ಇಂಥ ವಾದದಲ್ಲಿ ಯಾರ ದನಿ ದೊಡ್ಡದು ಎಂಬುದು ಲೆಕ್ಕಕ್ಕಿಲ್ಲ. ಅಕ್ಷರದ ರೂಪ ಆ ಕಾಲದ್ದೇ? ತಿಥಿ ವಾರ ಕೂಡುತ್ತವೆಯೇ? ಬೇರೆ ಶಾಸನಗಳು ಏನು ಹೇಳುತ್ತವೆ? ಧಾರಾವಾಹಿಯ ಲಕೋಟೆಗೆ ನಾವು ಕೇಳಿದ ಪ್ರಶ್ನೆಗಳೂ ಇವೇ ಅಲ್ಲವೇ?

ಇನ್ನು ಕೊನೆಯ ಮಾತು, ಅದೇ ಮುಖ್ಯ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಇದನ್ನು ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ದೆವ್ವ ಬರಲಿಲ್ಲ. ಬರಹದಿಂದಲೇ ಬರಲಿಲ್ಲವೆಂದು ಜನ ನಂಬಿದರು. ಈ ಊಹೆಯ ಗುಣ ನೋಡಿ. ಏನೇ ನಡೆದರೂ ಅದು ಸೋಲುವುದಿಲ್ಲ. ಧಾರಾವಾಹಿಯ ಊಹೆಯನ್ನು ಮುಂದಿನ ಕಂತು ಸೋಲಿಸಬಲ್ಲದು, ಇದಕ್ಕೆ ಮುಂದಿನ ಕಂತೇ ಇಲ್ಲ. ಸೋಲಲಾರದ ಊಹೆ ಬಲವಾದದ್ದಲ್ಲ, ಪೊಳ್ಳು.

'ನಾಳೆ ಬಾ' ನಗೆಯಲ್ಲಿ ಮುಗಿಯಿತು. ಎಲ್ಲವೂ ಹಾಗೆ ಮುಗಿಯುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಜನ ಕಳ್ಳರೆಂದು ಬಗೆದು ಬೆನ್ನಟ್ಟಿ ಹೊಡೆದರು. ಒಬ್ಬ ತರುಣ ಎಂಜಿನಿಯರ್ ಸತ್ತುಹೋದ. ಒಂದು ಸುಳಿವು, ಒಂದು ಊಹೆ, ಎರಡನೆಯ ಸಾಕ್ಷ್ಯಕ್ಕೆ ಕಾಯುವ ತಾಳ್ಮೆ ಇಲ್ಲ. ಅಲ್ಲಿ ನಡೆದದ್ದು ಇಷ್ಟೇ. ಕಾಲಯಂತ್ರ ನಮಗಿಲ್ಲ, ಆ ಸಂಜೆಯನ್ನು ಯಾರೂ ತಿದ್ದಲಾರರು.

ಆದ್ದರಿಂದ ಮಿತ್ರರೇ, ಊಹೆ ಮಾಡುವುದನ್ನು ಬಿಡಬೇಡಿ, ಕ್ರಮವಾಗಿ ಮಾಡಿ. ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಕಂತಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಬಲಪುಟದಲ್ಲಿ ನಿಮ್ಮ ಊಹೆ, ಅದರ ಕೆಳಗೆ, ಏನು ಕಂಡರೆ ಈ ಊಹೆ ಸುಳ್ಳಾಗುತ್ತದೆ ಎಂಬುದನ್ನು ಮುಂದಿನ ಕಂತು ನೋಡುವ ಮೊದಲೇ ಬರೆಯಿರಿ. ಸುಳ್ಳಾದದ್ದಕ್ಕೆ ಗೀಟು ಹಾಕಿ, ಅಳಿಸಬೇಡಿ. ಕೆಲವು ವಾರ ಹೀಗೆ ಮಾಡಿದ ಮೇಲೆ, ಮೊಬೈಲಿಗೆ ಬಂದ ಒಂದು ಸುದ್ದಿಯನ್ನು ತೆಗೆದುಕೊಂಡು ಅದೇ ಎರಡು ಪುಟಗಳಲ್ಲಿ ಬರೆದು ನೋಡಿ. ಎಡಪುಟದಲ್ಲಿ ಬರೆಯಲು ಏನೂ ಸಿಗದಿದ್ದರೆ ಆ ಸುದ್ದಿಯನ್ನು ಯಾರಿಗೂ ಮುಂದೆ ಕಳಿಸಬೇಡಿ.