ಹಳೆಯ ಜಾವಾಕ್ಕೆ ಟ್ಯಾಂಕು ಕೂಡಿಸುವುದು

ಕನ್ನಡ ಪಂಡಿತನಿಗೆ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಎರಡು ಒಂದಾಗುವಾಗ ನಡುವೆ ಏನು ನಡೆಯುತ್ತದೆಂದು ವಿಚಾರಿಸುವುದೇ ಸಂಧಿಪ್ರಕರಣ. ಆದ್ದರಿಂದ ಈ ವಿಷಯಕ್ಕೆ ನಾನು ತೀರ ಹೊರಗಿನವನಲ್ಲ.

ಜಾವಾ ಎಂಬ ಹೆಸರೇ ಒಂದು ಕೂಡಿಕೆ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲ ರೋಮನ್ ಅಕ್ಷರಗಳನ್ನು ಸೇರಿಸಿ ಜಾವಾ ಎಂದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಗಾಡಿಯನ್ನು ತಯಾರಿಸಿತು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇಂದಿಗೂ ನಮ್ಮ ಮನೆಗಳ ಅಂಗಳದಲ್ಲಿ ಉಂಟು. ಟ್ಯಾಂಕು ತುಕ್ಕು ಹಿಡಿದು ತೂತಾದಾಗ ಯಜಮಾನರು ಗುಜರಿಯಲ್ಲಿ ಹುಡುಕಿ ಬೇರೊಂದನ್ನು ತರುತ್ತಾರೆ. ಕೆಲವೊಮ್ಮೆ ಅದು ಬೇರೆ ವರ್ಷದ್ದಾಗಿರುತ್ತದೆ, ಕೂರುವುದಿಲ್ಲ. ಆಗ ಗರಗಸವೂ ಸುತ್ತಿಗೆಯೂ ಹೊರಬರುತ್ತವೆ.

ದಯವಿಟ್ಟು ಅವಸರ ಬೇಡ. ಈ ಟ್ಯಾಂಕು ಕುದುರೆಯ ಬೆನ್ನಿನ ಜೀನಿನಂತೆ. ತಳದಲ್ಲಿ ಉದ್ದಕ್ಕೂ ಒಂದು ಹಳ್ಳವಿದ್ದು, ಚೌಕಟ್ಟಿನ ಮೇಲಿನ ಕೊಳವೆ ಅದರೊಳಗೆ ಅಡಗುತ್ತದೆ. ಆದರೆ ಲೋಹಕ್ಕೆ ಲೋಹ ತಾಗಬಾರದು. 'ಮನೆ'ಗೆ 'ಅನ್ನು' ಸೇರುವಾಗ ನಡುವೆ ಒಂದು ಯಕಾರ ಬಂದು ಕೂರುವುದಿಲ್ಲವೆ? ಹಾಗೆಯೇ ಇಲ್ಲಿ ರಬ್ಬರು ಬರತಕ್ಕದ್ದು. ಅದಿಲ್ಲದಿದ್ದರೆ ಎಂಜಿನಿನ ನಡುಕವೆಲ್ಲ ತಗಡಿಗೆ ಏರಿ, ಕೆಲವು ತಿಂಗಳಲ್ಲಿ ಟ್ಯಾಂಕಿನ ಬೆಸುಗೆ ಬಿರಿಯುತ್ತದೆ. ಬೋಲ್ಟನ್ನು ಅತಿಯಾಗಿ ಬಿಗಿದರೆ ರಬ್ಬರು ಇದ್ದೂ ಇಲ್ಲದಂತೆ. ಬೋಲ್ಟಿನ ತೂತು ಅತ್ತಿತ್ತ ಇದ್ದರೆ ನಡುವೆ ಒಂದು ಪಟ್ಟಿಯನ್ನು ಮಾಡಿಸಿ ಹಾಕಿ, ಚೌಕಟ್ಟನ್ನು ಕೊಯ್ಯಬೇಡಿ. ಪಟ್ಟಿಯನ್ನು ನಾಳೆ ಬಿಚ್ಚಬಹುದು, ಕೊಯ್ದ ಚೌಕಟ್ಟು ಮೊದಲಿನಂತಾಗದು. 'ಊರಲ್ಲಿ' ಎನ್ನುವಾಗ ಉಕಾರ ಲೋಪವಾದರೂ ಅರ್ಥ ಕೆಡದು. ಗಾಡಿಯ ಭಾರ ಹೊರುವ ಚೌಕಟ್ಟಿಗೆ ಆ ಸೌಕರ್ಯವಿಲ್ಲ.

ಕೂರಿಸಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ಟ್ಯಾಂಕಿಗೆ ತಾಗಿದರೆ ಇಕ್ಕಟ್ಟಾದ ಬೀದಿಯಲ್ಲಿ ತಿರುಗುವಾಗ ಬೆರಳು ಸಿಕ್ಕಿಕೊಂಡೀತು. ಎಣ್ಣೆ ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯಬೇಕು. ಆದ್ದರಿಂದ ನಲ್ಲಿ ಟ್ಯಾಂಕಿನ ತಗ್ಗಿನ ಕಡೆಗೆ ಇರಬೇಕು, ರಬ್ಬರ್ ಕೊಳವೆ ಎಲ್ಲಿಯೂ ಮೇಲೆದ್ದು ಬಾಗಬಾರದು. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಬಣ್ಣ ಬಳಿಯುವವರು ಅದನ್ನು ಮುಚ್ಚಿಬಿಟ್ಟರೆ ಗಾಡಿ ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ. ನೀವು ಎಂಜಿನನ್ನು ಶಪಿಸುತ್ತೀರಿ! ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ಕೊಳವೆ ಉಬ್ಬುವುದುಂಟು; ಹೊಸದನ್ನೇ ಹಾಕಿ.

ಇನ್ನು ತೂತು ಬಿದ್ದ ಹಳೆಯ ಟ್ಯಾಂಕಿನ ವಿಚಾರ. ಹೊಸದು ಸಿಕ್ಕದಿದ್ದರೆ ಅದಕ್ಕೇ ಬೆಸುಗೆ ಹಾಕಿಸುವ ಆಸೆ ಸಹಜ. 'ಖಾಲಿಯಾಗಿದೆ, ಏನೂ ಆಗದು' ಎಂಬ ಮಾತನ್ನು ಮಾತ್ರ ನಂಬಬೇಡಿ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಹೆಚ್ಚು ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ತಳದಲ್ಲಿ, ಮೂಲೆಗಳಲ್ಲಿ, ತುಕ್ಕಿನ ಸಂದಿನಲ್ಲಿ ಅಡಗಿದ್ದು ಗಾಳಿಯೊಡನೆ ಬೆರೆತಿರುತ್ತದೆ. ಒಂದು ಕಿಡಿ ಸೋಕಿದರೆ ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ಒಮ್ಮೆ ನೀರಿನಲ್ಲಿ ಕುಲುಕಿದ ಮಾತ್ರಕ್ಕೆ ಶುದ್ಧವಾಗದು. ಬಿಸಿ ಹಬೆಯಿಂದ ಚೆನ್ನಾಗಿ ತೊಳೆಯುವ ಅನುಕೂಲವೂ ಅನುಭವವೂ ಇರುವವರಿಗೇ ಕೆಲಸ ಒಪ್ಪಿಸಿ, ಕೂಲಿ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಮಕ್ಕಳನ್ನು ಅತ್ತ ಸುಳಿಯಗೊಡಬೇಡಿ.

ಎಲ್ಲ ಮುಗಿದ ಮೇಲೆ ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲನ್ನು ಹದವಾಗಿ ಬೆರೆಸಿ ತುಂಬಿ. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ ಬಂದು ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ; ಎಂಜಿನ್ ಆರಿದ ಮೇಲೆ ನಲ್ಲಿಯ ಕೆಳಗೆ ಬೆರಳು ಸವರಿ ಮೂಸಿ ನೋಡಿ.