ಹೊಟ್ಟೆಯ ಮೇಲೊಂದು ಹೊಸ ದಾರಿ

ಕರುಳಿನ ಶಸ್ತ್ರಚಿಕಿತ್ಸೆಗೆ ಮುಂಚೆ, ಒಳ್ಳೆಯ ಆಸ್ಪತ್ರೆಯಾದರೆ, ನರ್ಸೊಬ್ಬರು ಪೆನ್ನು ಹಿಡಿದು ಬರುತ್ತಾರೆ. ರೋಗಿಯನ್ನು ಮಲಗಿಸಿ, ಕೂರಿಸಿ, ಬಗ್ಗಿಸಿ ನೋಡುತ್ತಾರೆ. ಲಂಗದ ಲಾಡಿ ಎಲ್ಲಿ ಬರುತ್ತದೆ, ಪಂಚೆ ಎಷ್ಟು ಮೇಲೆ ಉಡುತ್ತೀರಿ ಎಂದು ಕೇಳುತ್ತಾರೆ. ಹೊಟ್ಟೆಯ ಮಡಿಕೆಗಳನ್ನು ತಪ್ಪಿಸಿ, ರೋಗಿಯ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಗುರುತು ಹಾಕುತ್ತಾರೆ. ಸರ್ಜನ್ ಕರುಳಿನ ತುದಿಯನ್ನು ಹೊರತಂದು ಹೊಲಿಯುವುದು ಆ ಗುರುತಿನಲ್ಲೇ. ಗುರುತು ತಪ್ಪಿತೋ, ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಲಾಡಿ ಒತ್ತಿ, ಮಲ ಹಿಡಿಯಲು ಅಲ್ಲಿ ಅಂಟಿಸುವ ಚೀಲ ಸೋರುತ್ತದೆ.

ಕರುಳಿನ ಈ ಹೊಸ ಬಾಯಿಗೆ ಸ್ಟೋಮಾ ಎಂದು ಹೆಸರು. ಕ್ಯಾನ್ಸರ್, ಕರುಳಿನ ಹುಣ್ಣು, ತೂತು, ಅಪಘಾತ, ಹೀಗೆ ಕಾರಣಗಳು ಹಲವು. ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ಜೀವನಪೂರ್ತಿ. ಕೆನ್ನೆಯ ಒಳಬದಿಯಂತೆ ಕೆಂಪಗೆ, ಒದ್ದೆಯಾಗಿರುತ್ತದೆ, ಮುಟ್ಟಿದರೆ ನೋವಿಲ್ಲ. ಮೊದಲ ಸಲ ನೋಡುವುದೇ ಕಷ್ಟ. ಎಷ್ಟೋ ಮಂದಿ ಮುಖ ತಿರುಗಿಸುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇಂದು ಬಳಸುವ ಚೀಲದ ಹಿಂದೆ ಒಬ್ಬ ಅಕ್ಕ ಇದ್ದಾಳೆ. ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸನ್. ಆಕೆಯ ತಂಗಿ ಥೋರಾಳಿಗೆ ಸ್ಟೋಮಾ ಆಯಿತು; ಎಲ್ಲಿ ಸೋರುತ್ತದೋ ಎಂಬ ಭಯಕ್ಕೆ ಅವಳು ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಮೈಗೆ ಅಂಟುವ, ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲವನ್ನು ಎಲಿಸ್ ಯೋಚಿಸಿದ್ದು 1954ರಲ್ಲಿ. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್-ಹಾನ್ಸನ್ ಮೊದಲು ಮನಸ್ಸು ಮಾಡಲಿಲ್ಲ. ಸ್ವತಃ ನರ್ಸಾಗಿದ್ದ ಅವರ ಹೆಂಡತಿ ಪಟ್ಟು ಹಿಡಿದ ಮೇಲೆ ಚೀಲ ತಯಾರಾಯಿತು.

ಅದೇ 1954ರಲ್ಲಿ ಅಮೆರಿಕದ ಓಹಿಯೋದಲ್ಲಿ ನಾರ್ಮಾ ಗಿಲ್ ಎಂಬ ಗೃಹಿಣಿಗೆ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್ ಸ್ಟೋಮಾ ಮಾಡಿದರು. ಚೇತರಿಸಿಕೊಂಡ ಆಕೆ ಬೇರೆ ರೋಗಿಗಳಿಗೆ ಧೈರ್ಯ ಹೇಳುತ್ತಾ, ಚೀಲ ಹಾಕುವುದನ್ನು ಕಲಿಸತೊಡಗಿದಳು. 1958ರಲ್ಲಿ ಡಾಕ್ಟರು ಅವಳನ್ನು ಅದೇ ಕೆಲಸಕ್ಕೆ ನೇಮಿಸಿಕೊಂಡರು. ನರ್ಸಿಂಗ್ ಓದದ ಒಬ್ಬ ರೋಗಿಯಿಂದ ಒಂದು ಹೊಸ ವೃತ್ತಿಯೇ ಹುಟ್ಟಿತು. ಆ ಕಾಲದಲ್ಲಿ ಸ್ಟೋಮಾದ ಸುತ್ತಲಿನ ಚರ್ಮ ಕಾಯಲು ಬಳಸುತ್ತಿದ್ದ ಕರಾಯಾ ಗೋಂದು ಭಾರತದ ಒಣಕಾಡುಗಳ ಮರದ್ದು. ತೊಗಟೆ ಗೀರಿ ಗೋಂದು ಕೂಡಿಸಿದ ನಮ್ಮ ಕಾಡಿನ ಜನಕ್ಕೆ ಅದು ಹೋಗಿ ಎಲ್ಲಿ ಅಂಟುತ್ತದೆಂಬುದು ತಿಳಿದಿರಲಿಕ್ಕಿಲ್ಲ!

ಮನೆಗೆ ಬಂದ ಮೇಲೆ ಮೊದಲ ತಕರಾರು ಚರ್ಮದ್ದು. ಸಣ್ಣ ಕರುಳಿನ ರಸ ಚರ್ಮವನ್ನು ಸುಡುತ್ತದೆ. ಆದ್ದರಿಂದ ಚೀಲವನ್ನು ಮೈಗೆ ಹಿಡಿದಿಡುವ ಅಂಟುಬಿಲ್ಲೆಯ ತೂತನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಆರೆಂಟು ವಾರಗಳಲ್ಲಿ ಸ್ಟೋಮಾ ಕುಗ್ಗುತ್ತದೆ. ಹಳೆಯ ಅಳತೆಗೇ ಕತ್ತರಿಸುತ್ತಾ ಹೋದರೆ ಸುತ್ತಲಿನ ಚರ್ಮ ಹುಣ್ಣಾಗುತ್ತದೆ. ಚರ್ಮ ಒಣಗಿದೆಯೆಂದು ಅಜ್ಜಿ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಲ್ಲೆ ಅಂಟುವುದೇ ಇಲ್ಲ. ಉಗುರುಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ ಸಾಕು. ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆವರಿಗೇ ಅಂಟು ಬಿಡುತ್ತದೆ, ಆಗ ಬೇಗ ಬದಲಿಸಬೇಕಾಗುತ್ತದೆ.

ಎರಡನೆಯದು ನೀರು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಸ್ಟೋಮಾ ಸಣ್ಣ ಕರುಳಿನದಾದರೆ, ನೀರು, ಉಪ್ಪು ಹೀರಬೇಕಾದ ದೊಡ್ಡ ಕರುಳಿಗೆ ಕೆಲಸವೇ ಇರುವುದಿಲ್ಲ. ದಿನಕ್ಕೆ ಒಂದೂವರೆ ಎರಡು ಲೀಟರ್ ಹೊರಬೀಳುತ್ತಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಬಾಯಾರಿತೆಂದು ಬರೀ ನೀರು, ಚಹಾ ಕುಡಿಯುತ್ತಾ ಹೋದರೆ ಹೊರಹೋಗುವುದೂ ಹೆಚ್ಚುತ್ತದೆ, ಸುಸ್ತು ಇಳಿಯುವುದಿಲ್ಲ. ಗುಟುಕು ಗುಟುಕಾಗಿ ಓಆರ್‌ಎಸ್ ಬೇಕು. ಮೆತ್ತಗೆ ಬೆಂದ ಅನ್ನ, ಉಪ್ಪು ಹಾಕಿದ ಮಜ್ಜಿಗೆ, ಇಡ್ಲಿ, ಬಾಳೆಹಣ್ಣು ಮೊದಲ ವಾರಗಳಿಗೆ ಹಿತ. ಮುಸುಕಿನ ಜೋಳ, ತೆಂಗಿನಕಾಯಿ ಚೂರು, ಅಣಬೆ, ಕಡಲೆಕಾಯಿ ಆಗ ಬೇಡ, ಸಿಕ್ಕಿಹಾಕಿಕೊಳ್ಳಬಹುದು. ಚೀಲಕ್ಕೆ ಗಂಟೆಗಟ್ಟಲೆ ಏನೂ ಬಾರದೆ ಹೊಟ್ಟೆ ನುಲಿದು ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಆದ ಮೇಲೆ ಆರೆಂಟು ವಾರಗಳವರೆಗೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತಬಾರದು, ಹೊಲಿದ ಜಾಗದಲ್ಲಿ ಹರ್ನಿಯಾ ಆಗುವ ಅಪಾಯವಿದೆ.

ಮೂರನೆಯದು ಮನೆಯವರ ಮಡಿ. ದೇವರ ಕೋಣೆಗೆ ಬರಬಹುದೇ, ಮದುವೆ ಊಟದ ಪಂಕ್ತಿಯಲ್ಲಿ ಕೂರಬಹುದೇ ಎಂದು ಹಿರಿಯರು ಕೇಳುವುದುಂಟು. ಮಲವಿರುವುದು ಎಲ್ಲರ ಹೊಟ್ಟೆಯಲ್ಲೂ, ಇವರದ್ದು ಮುಚ್ಚಿದ ಚೀಲದಲ್ಲಿ, ಅಷ್ಟೇ ವ್ಯತ್ಯಾಸ. ಸ್ನಾನ, ಬಸ್ ಪ್ರಯಾಣ, ನೌಕರಿ, ದಾಂಪತ್ಯ ಯಾವುದಕ್ಕೂ ಚೀಲ ಅಡ್ಡಿಯಲ್ಲ. ಈ ಮಾತನ್ನು ಡಾಕ್ಟರು ಹೇಳುವುದಕ್ಕಿಂತ ಚೀಲ ಹಾಕಿಕೊಂಡೇ ಓಡಾಡುವವರೊಬ್ಬರು ಬಂದು ಹೇಳಿದರೆ ರೋಗಿಗೆ ನಂಬಿಕೆ ಬರುತ್ತದೆ. ನಾರ್ಮಾ ಮಾಡಿದ್ದೂ ಅದನ್ನೇ.

ಸ್ಟೋಮಾ ಮುಚ್ಚಿಸಿಕೊಂಡವರ ಪಾಡು ಬೇರೆ. ಗುದನಾಳದ ಕ್ಯಾನ್ಸರಿಗೆ ಕರುಳು ಕತ್ತರಿಸಿ ಜೋಡಿಸಿದ್ದರೆ, ಮಲ ಹಿಡಿದಿಡುವ ಜಾಗವೇ ಕಿರಿದಾಗಿರುತ್ತದೆ. ದಿನಕ್ಕೆ ಹತ್ತಾರು ಸಲ ಅವಸರವಾಗುವುದು, ತಡೆಯಲಾಗದಿರುವುದು ತಿಂಗಳುಗಟ್ಟಲೆ ಇರಬಹುದು. ಆಪರೇಷನ್ ಕೆಟ್ಟಿತೆಂದು ಹೆದರಿ ಊಟ ಬಿಡುವವರಿದ್ದಾರೆ. ಅವರು ಉಪವಾಸ ಬೀಳುವ ಬದಲು ಮತ್ತೆ ಸರ್ಜನ್ ಬಳಿ ಹೋಗಬೇಕು. ಸೊಂಟದ ತಳದ ಸ್ನಾಯುಗಳಿಗೆ ವ್ಯಾಯಾಮವಿದೆ, ಮಲ ಗಟ್ಟಿಯಾಗಿಸುವ ಮಾತ್ರೆಗಳಿವೆ. ಹಲವರಿಗೆ ಒಂದೆರಡು ವರ್ಷದೊಳಗೆ ಈ ಓಡಾಟ ಸಾಕಷ್ಟು ತಗ್ಗುತ್ತದೆ.