ಗೋಡೆಯೊಳಗಿನ ಬಿಸಿನೀರು



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕೊಳಾಯಿ ಕೆಲಸ ಬಲ್ಲವರೂ ಉಂಟು, ಲೆಕ್ಕ ಬರೆಯುವವರೂ ಉಂಟು. ಇಂಗ್ಲೆಂಡಿನ ಒಂದು ಗೋಡೆಯ ಕಥೆ ಇವರಿಗೇತಕ್ಕೆ ಎಂದು ತಾವು ಕೇಳಬಹುದು. ನಾವು ಅಲ್ಲಿ ಕೊಳವೆ ಕೆಲಸ ಮಾಡಿದ ಚಳಿಗಾಲದಲ್ಲಿ ತಪ್ಪಿ ಕಲಿತದ್ದನ್ನಷ್ಟೇ ಅರಿಕೆ ಮಾಡುತ್ತೇವೆ.

ಅಲ್ಲಿ ಇಡೀ ಮನೆಗೆ ಒಂದೇ ಬಾಯ್ಲರು. ಕಾದ ನೀರನ್ನು ಪಂಪು ಕೊಳವೆಗಳಲ್ಲಿ ತಳ್ಳುತ್ತದೆ. ಅದು ಕೋಣೆಕೋಣೆಯ ರೇಡಿಯೇಟರಿಗೆ ಹೋಗಿ, ಬಿಸಿ ಕೊಟ್ಟು, ಮರಳಿ ಬಾಯ್ಲರಿಗೇ ಬರುತ್ತದೆ. ನಮ್ಮ ಬಚ್ಚಲ ಹಂಡೆಯಂತೆ ನೀರು ತೆಗೆದು ಬಳಸುವುದಿಲ್ಲ.

ನಾವು ಹೋದ ಮನೆಯ ಯಜಮಾನರು ತಾಯಿಗೋಸ್ಕರ ಕಾರು ಷೆಡ್ಡನ್ನು ಕೋಣೆ ಮಾಡಿಸುತ್ತಿದ್ದರು. ಸಂಬಳದಲ್ಲಿ ಉಳಿಸಿದ ಹಣ. ಹೊರಗೋಡೆ ಒಂಟಿ ಇಟ್ಟಿಗೆಯದು, 100 ಮಿಲಿಮೀಟರಿನಷ್ಟು ದಪ್ಪ. ಅದರಿಂದ ಸ್ವಲ್ಪ ಸಂದು ಬಿಟ್ಟು ಮರದ ಚೌಕಟ್ಟು ನಿಲ್ಲಿಸಿ, ನಡುವೆ ಗಾಜಿನ ಉಣ್ಣೆ ತುಂಬುವುದೆಂದಾಗಿತ್ತು. ಖಾಲಿ ಸಂದು ಕಂಡಿತು. ಬಿಸಿನೀರಿನ ಕೊಳವೆಗೆ ಚಳಿಯೇನು ಎಂದುಕೊಂಡು, ಅದನ್ನು ಉಣ್ಣೆಯ ಹಿಂದೆ ಇಟ್ಟಿಗೆಯ ಮಗ್ಗುಲಲ್ಲೇ ಎಳೆದೆವು.

ಜನವರಿಯಲ್ಲಿ ಮನೆಯವರು ಬಾಯ್ಲರು ಆರಿಸಿ ಒಂದು ವಾರ ಊರಿಗೆ ಹೋದರು. ಕೋಣೆಯ ಬಿಸಿ ಹೊರಹೋಗದಂತೆ ತಡೆಯುವ ಉಣ್ಣೆ, ಕೊಳವೆಗೂ ಆ ಬಿಸಿ ಮುಟ್ಟದಂತೆ ತಡೆದಿತ್ತು. ನೀರು ಹೆಪ್ಪುಗಟ್ಟಿತು. ಮಂಜುಗಡ್ಡೆಯಾದ ನೀರು ನೂರಕ್ಕೆ 9ರಷ್ಟು ಹಿಗ್ಗುತ್ತದೆ, ತಾಮ್ರ ಸೀಳಿತು. ಅವರು ಬಂದು ಬಾಯ್ಲರು ಹಚ್ಚಿ, ಮಂಜು ಕರಗಿದ ಮೇಲೆ ನೆಲದಲ್ಲಿ ನೀರು ಕಂಡಿತು. ಹೊಸ ಬಣ್ಣದ ಹಲಗೆಗಳನ್ನು ನಾವೇ ಕಿತ್ತೆವು. ಯಜಮಾನರು ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಎರಡನೆಯ ಸಲ ಕೂಲಿ ಮುಟ್ಟದೆ ಮಾಡಿದೆವು. ಮೊದಲು ಉಣ್ಣೆ, ಎಲ್ಲಿಯೂ ಬಿರುಕಿಲ್ಲದಂತೆ. ಅದರ ಮೇಲೆ, ಕೋಣೆಯ ಕಡೆಗೆ, ಆವಿ ತಡೆಯುವ ಹಾಳೆ. ಅದಿಲ್ಲದಿದ್ದರೆ ಉಸಿರಿನ, ಅಡಿಗೆಯ ತೇವ ಒಳಹೊಕ್ಕು, ತಣ್ಣನೆಯ ಕಡೆ ನೀರಾಗಿ ಮರವನ್ನು ಕೊಳೆಸುತ್ತದೆ. ಹಾಳೆಯ ಮೇಲೆ 25 ಮಿಲಿಮೀಟರಿನ ರೀಪರು ಪಟ್ಟಿಗಳು. ಅವುಗಳ ನಡುವೆ 15 ಮಿಲಿಮೀಟರಿನ ಕೊಳವೆ. ಕೊನೆಗೆ ಜಿಪ್ಸಂ ಹಲಗೆ. ಹಾಳೆ ತೂತಾಗಲಿಲ್ಲ, ಕೊಳವೆ ಬೆಚ್ಚಗಿನ ಕಡೆಗೆ ಬಂತು. ಹಾಗಿದ್ದರೂ ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವಾಗ ಬಾಯ್ಲರನ್ನು ಸಣ್ಣ ಬಿಸಿಯಲ್ಲಿಟ್ಟೇ ಹೋಗಬೇಕೆಂದು ಹೇಳಿದೆವು.

10 ಮೀಟರು ತಾಮ್ರ 60 ಡಿಗ್ರಿ ಕಾದರೆ ಸುಮಾರು 10 ಮಿಲಿಮೀಟರು ಉದ್ದವಾಗುತ್ತದೆ. ಮರದ ತೂತಿನಲ್ಲಿ ಸಡಿಲವಿಲ್ಲದಿದ್ದರೆ ಗೋಡೆ ರಾತ್ರಿಯೆಲ್ಲ ಟಿಕ್ ಟಿಕ್ ಎನ್ನುತ್ತದೆ, ಮುದುಕರಿಗೆ ನಿದ್ರೆಯಿಲ್ಲ. ಅದಕ್ಕೂ ಜಾಗ ಬಿಟ್ಟೆವು. ಹಲಗೆ ಮುಚ್ಚುವ ಮೊದಲು ಒತ್ತಡ ಕೊಟ್ಟು ಬೆಸುಗೆಗಳನ್ನು ಪರೀಕ್ಷಿಸಿ, ಕೊಳವೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಕಾಗದದಲ್ಲಿ ಬರೆದು ಕೊಟ್ಟೆವು.

ಮುದುಕಿ ಬಂದ ದಿನ ತಮ್ಮ ಗಂಡನ ಪಟಕ್ಕೆ ಮೊಳೆ ಎಲ್ಲಿ ಹೊಡೆಯಲೆಂದು ಕೇಳಿದರು. ಮಗ ಕಾಗದ ತಂದರು. ಕಿಟಕಿಯ ಎಡಗಡೆ ಹೊಡೆದೆವು.